ಭಾವನ ಕಿವಿ, ನನ್ನ ಮೂಗು

ನಮ್ಮ ಭಾವನನ್ನು ಕಾರ್ಖಾನೆಯಲ್ಲಿ ಎಲ್ಲರೂ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಓದಿ ಆದ ಡಾಕ್ಟರಲ್ಲ, ಮೊಳೆ ಮಾಡುವ ಯಂತ್ರಗಳ ಮಿಸ್ತ್ರಿ. ಹಳದಿ ಹಿಡಿಯ, ಮೊಳದುದ್ದದ ಒಂದು ಸ್ಕ್ರೂಡ್ರೈವರ್ ಸದಾ ಅವರ ಸೊಂಟದಲ್ಲಿ ಸಿಕ್ಕಿಸಿಕೊಂಡಿರುತ್ತಿತ್ತು. ಯಂತ್ರ ಕೆಟ್ಟಿದೆ ಎಂದು ಕರೆದರೆ ಬಂದು ಕುಕ್ಕರುಗಾಲಲ್ಲಿ ಕೂತು, ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ ಕಣ್ಣು ಮುಚ್ಚುತ್ತಿದ್ದರು. ಸುತ್ತ ನಾಲ್ಕು ಜನ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದರು, ಆಪರೇಷನ್ ಕೋಣೆಯ ಮುಂದೆ ನಿಂತ ಹಾಗೆ. ಆಮೇಲೆ ಕಣ್ಣು ಬಿಟ್ಟು ಎಡಗೈ ಎತ್ತಿ ತೋರಿಸಿದರೆ, ಎಡಗಡೆಯ ಬೇರಿಂಗ್ ಹೋಗಿದೆ ಎಂದು ಅರ್ಥ. ಬಿಚ್ಚಿ ನೋಡಿದರೆ ಎಡಗಡೆಯದೇ.

ಭಾವ ಎಂದರೆ ನನ್ನ ಅಕ್ಕನ ಗಂಡ. ನನ್ನನ್ನು ಈ ಕೆಲಸಕ್ಕೆ ಸೇರಿಸಿದವರೂ ಅವರೇ. ನಾನು ಫೋರ್ಕ್‌ಲಿಫ್ಟ್ ಓಡಿಸುವವನು. ಮುಂದೆ ಎರಡು ಕಬ್ಬಿಣದ ನಾಲಗೆ ಚಾಚಿಕೊಂಡಿರುವ ಆ ಗಾಡಿಯಲ್ಲಿ ತಂತಿಯ ಸುರುಳಿ ಎತ್ತಿಕೊಂಡು ಹೋಗಿ ಯಂತ್ರದ ಬುಡದಲ್ಲಿ ಇಳಿಸುವುದು ನನ್ನ ಕೆಲಸ.

ನಮ್ಮ ಶೆಡ್ಡಿನ ಸದ್ದಿನ ಬಗ್ಗೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ತಗಡಿನ ಸೂರಿನ ಕೆಳಗೆ ನಲವತ್ತೆರಡು ಯಂತ್ರಗಳು. ಒಂದೊಂದೂ ತಂತಿಯನ್ನು ಎಳೆದುಕೊಂಡು, ಹಿಡಿದು, ತಲೆಗೆ ಬಡಿದು, ತುದಿ ಕತ್ತರಿಸಿ ಉದುರಿಸಬೇಕು. ನಿಮಿಷಕ್ಕೆ ಮುನ್ನೂರು ಮೊಳೆ ಎಂದರೆ ಮುನ್ನೂರು ಪೆಟ್ಟು. ಅದನ್ನು ನಲವತ್ತೆರಡರಿಂದ ಗುಣಿಸಿ ನೋಡಿ, ನನಗೆ ಲೆಕ್ಕ ಬರುವುದಿಲ್ಲ. ಒಳಗೆ ಕಾಲಿಟ್ಟರೆ ಹಲ್ಲಿನ ಬೇರು ಜುಮ್ಮೆನ್ನುತ್ತದೆ. ಅಲ್ಲಿ ಯಾರೂ ಬಾಯಲ್ಲಿ ಮಾತಾಡುವುದಿಲ್ಲ. ತುಟಿ ನೋಡಬೇಕು, ಕೈ ನೋಡಬೇಕು. ಹೆಬ್ಬೆರಳು ಬಾಯಿಗೆ ಹೋದರೆ ಚಹಾ. ಹೊಟ್ಟೆಯ ಮೇಲೆ ದೊಡ್ಡದಾಗಿ ಸುತ್ತು ಹಾಕಿ ತೋರಿಸಿದರೆ ಸೂಪರ್‌ವೈಸರ್ ಬರುತ್ತಿದ್ದಾನೆ, ಹುಷಾರು. ಆ ಮನುಷ್ಯನಿಗೆ ಇವತ್ತಿಗೂ ಈ ಸನ್ನೆಯ ಅರ್ಥ ಗೊತ್ತಿಲ್ಲ. ನಮಗೆಲ್ಲ ಪದೇ ಪದೇ ಹಸಿವಾಗುತ್ತದೆ ಎಂದುಕೊಂಡಿದ್ದಾನೆ.

ಕಿವಿ ಮುಚ್ಚುವ ಸಾಮಾನು ಇರಲಿಲ್ಲವೇ ಎಂದು ಕೇಳಬಹುದು. ಇತ್ತು, ಗಾಜಿನ ಬೀರುವಿನಲ್ಲಿ. ಕೆಂಪು ಬಣ್ಣದ, ದಪ್ಪ ಮೆತ್ತೆಯ ಹನ್ನೆರಡು ಕಿವಿಗವಚ ಸಾಲಾಗಿ ನೇತಾಡುತ್ತಿದ್ದವು. ಬೀಗದ ಕೈ ಸೂಪರ್‌ವೈಸರ್ ಹತ್ತಿರ. ಕೇಳಿದರೆ, "ಕೊಟ್ರೆ ಹಾಳ್ ಮಾಡ್ತೀರ. ತನಿಖೆಗೆ ಬಂದೋರಿಗೆ ಏನ್ ತೋರ್ಸೋದು?" ಎನ್ನುತ್ತಿದ್ದ. ಕಾಪಾಡಬೇಕಾದ್ದು ಕಿವಿಯನ್ನಲ್ಲ, ಕಿವಿಗವಚವನ್ನು! ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಅದರ ಬದಲು ವರ್ಷಕ್ಕೆ ಒಂದೋ ಎರಡೋ ಸಲ ಕಿವಿಗೆ ತುರುಕಿಕೊಳ್ಳುವ ಸ್ಪಂಜಿನ ಬಿರಡೆಗಳನ್ನು ಪುಟ್ಟ ಡಬ್ಬಿಯಲ್ಲಿ ಹಂಚುತ್ತಿದ್ದರು. ಭಾವ ಬಿರಡೆ ಬಿಸಾಕಿ ಡಬ್ಬಿ ಇಟ್ಟುಕೊಂಡರು. ಸಣ್ಣ ಸ್ಕ್ರೂ ಹಾಕಿಡಲು ಅದು ಬಹಳ ಅನುಕೂಲವಂತೆ.

"ಹಾಕ್ಕೊಳ್ಳಿ ಭಾವ" ಎಂದರೆ, "ನಾನು ಕಿವಿ ಮುಚ್ಕೊಂಡ್ರೆ ಯಂತ್ರ ಹೇಳೋದನ್ನ ಕೇಳೋದು ಯಾರಯ್ಯಾ? ನೀನಾ?" ಎನ್ನುತ್ತಿದ್ದರು. ಅವರೇ ಹಾಕಿಕೊಳ್ಳದ ಮೇಲೆ ಉಳಿದವರು ಯಾಕೆ ಹಾಕಿಕೊಂಡಾರು? ಡಾಕ್ಟ್ರಿಗೇ ಬೇಡದ್ದು ನಮಗ್ಯಾಕೆ ಎಂದು ಎಲ್ಲರೂ ಬಿರಡೆ ಎಸೆದರು. ನಾನೂ ಎಸೆದೆ, ಸುಳ್ಳು ಯಾಕೆ ಹೇಳಲಿ.

ಹೀಗೆ ಇಪ್ಪತ್ತಾರು ವರ್ಷ ಆ ಸದ್ದಿನ ಬಾಯಿಗೆ ಕಿವಿ ಕೊಟ್ಟು ಕೂತರೆ ಏನಾಗುತ್ತದೋ ಅದೇ ಆಯಿತು. ಆದರೆ ಒಂದೇ ದಿನ ಆಗಲಿಲ್ಲ, ಅದೇ ಮೋಸ. ಮೊದಲು ಹೋದದ್ದು ತೆಳು ಸದ್ದುಗಳು. ಫೋನ್ ಬಡಿದುಕೊಂಡರೆ ಕೇಳದು, ಬಾಗಿಲ ಗಂಟೆ ಕೇಳದು. ಗಂಡಸರ ದಪ್ಪ ದನಿ ಮಾತ್ರ ಚೆನ್ನಾಗಿ ಕೇಳುತ್ತಿತ್ತು. ಹಾಗಾಗಿ ಮನೆಯಲ್ಲಿ ಯಾರೂ ನಂಬಲಿಲ್ಲ.

"ನಿನ್ನ ಭಾವಂಗೆ ಕಿವುಡೂ ಇಲ್ಲ ಏನೂ ಇಲ್ಲ ಕಣೋ" ಎಂದು ಅಕ್ಕ ದೂರುತ್ತಿದ್ದಳು. "ನೀನು ಕರೆದ್ರೆ ಓ ಅಂತಾರೆ. ನಾನು ಕರೆದ್ರೆ ಮಾತ್ರ ಗೋಡೆ ನೋಡ್ತಾರೆ."

ಆ ಮನೆಯಲ್ಲಿ ಟಿವಿಯ ಸದ್ದು ಬೀದಿಯ ತಿರುವಿಗೇ ಕೇಳುತ್ತಿತ್ತು. ಉಪ್ಪು ಕೊಡಿ ಎನ್ನುವುದನ್ನೂ ಅಕ್ಕ ಜಗಳದ ದನಿಯಲ್ಲೇ ಹೇಳಬೇಕು. "ನಮ್ಮನೇಲಿ ಗುಟ್ಟು ಅನ್ನೋದೇ ಉಳಿದಿಲ್ಲ. ಬೇಳೆ ಖಾಲಿ ಆಗಿರೋದು ಪಕ್ಕದ ಮನೆಯೋಳಿಗೆ ನನಗಿಂತ ಮುಂಚೆ ಗೊತ್ತು" ಎಂದು ನಗುತ್ತಿದ್ದಳು. ಅಕ್ಕನ ಮಗಳ ಮಗು, ನಾಲ್ಕು ವರ್ಷದ್ದು, ಅಲ್ಲೇ ಬೆಳೆಯುತ್ತಿತ್ತು. ಅದರ ದನಿ ಎಳೆ ದಾರದಂತೆ ತೆಳು, ತಾತನಿಗೆ ಒಂದಕ್ಷರ ಮುಟ್ಟುತ್ತಿರಲಿಲ್ಲ. ಎದುರಿಗೆ ನಿಂತರೆ ಮಾತ್ರ ತುಟಿ ನೋಡಿ ಉತ್ತರ ಕೊಡುತ್ತಿದ್ದರು. ಅದನ್ನು ಕಂಡು ಕಂಡು ಆ ಮಗು ಏನು ಕಲಿಯಿತು ಗೊತ್ತೇ? ತಾತನ ಹತ್ತಿರ ಮಾತಾಡುವಾಗ ದನಿಯನ್ನೇ ತೆಗೆಯುತ್ತಿರಲಿಲ್ಲ. ಬರೀ ತುಟಿ ಕುಣಿಸುತ್ತಿತ್ತು. ಅಜ್ಜಿಯ ಹತ್ತಿರ ಚಟಪಟ ಮಾತಾಡಿ, ತಾತನ ಕಡೆ ತಿರುಗಿದ ಕೂಡಲೇ ಮೂಕ. ಎಲ್ಲರೂ ನಕ್ಕೆವು, ಭಾವನೂ ನಕ್ಕರು.

ಕಾರ್ಖಾನೆಯಲ್ಲೂ ನಾನು ಗಮನಿಸತೊಡಗಿದೆ. ಯಂತ್ರದ ಹತ್ತಿರ ಬಂದ ಭಾವ ಮೊದಲು ಉದುರಿದ ಮೊಳೆಗಳನ್ನು ಅಂಗೈಯಲ್ಲಿ ಹರಡಿ ನೋಡುತ್ತಿದ್ದರು. ತುದಿಯಲ್ಲಿ ಮೀಸೆಯಂಥ ಎಳೆ ಉಳಿದಿದ್ದರೆ ಕಟ್ಟರ್ ಸವೆದಿದೆ. ಆಮೇಲೆ ಯಂತ್ರದ ಮೈ ಸವರಿ ಎಲ್ಲಿ ಹೆಚ್ಚು ನಡುಗುತ್ತಿದೆ ಎಂದು ಅಂಗೈಯಲ್ಲೇ ಹುಡುಕುತ್ತಿದ್ದರು. ರೋಗ ಪೂರ್ತಿ ಗೊತ್ತಾದ ಮೇಲೆ ಸ್ಕ್ರೂಡ್ರೈವರ್ ತೆಗೆದು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. ಬರೀ ನಾಟಕ! ಜನ ಕಾಯುತ್ತಿದ್ದರಲ್ಲ, ಅವರಿಗಾಗಿ.

ಆ ವರ್ಷ ಮೊದಲ ಸಲ ನಮ್ಮ ಶೆಡ್ಡಿಗೂ ಕಿವಿ ಪರೀಕ್ಷೆ ಬಂತು. ಅಂಗಳದಲ್ಲಿ ಒಂದು ವ್ಯಾನು, ಅದರೊಳಗೆ ಮೆತ್ತೆ ಹೊದಿಸಿದ ಪೆಟ್ಟಿಗೆಯಂಥ ಕೋಣೆ, ಅದಕ್ಕೆ ಅಂಗೈಯಗಲದ ಗಾಜಿನ ಕಿಟಕಿ. ಒಳಗೆ ಒಬ್ಬರನ್ನು ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ. ಹೊರಗೆ ಕೂತ ಹೆಂಗಸು ಗುಂಡಿ ಒತ್ತುತ್ತಾಳೆ, ಸದ್ದು ಕೇಳಿಸಿದರೆ ಒಳಗಿನವರು ಬೆರಳೆತ್ತಬೇಕು. ಹಿಂದಿನ ವರ್ಷ ತಂತಿ ಎಳೆಯುವ ವಿಭಾಗದ ಒಬ್ಬ ಹಿರಿಯರು ಬೆರಳು ಸರಿಯಾಗಿ ಎತ್ತಲಿಲ್ಲವೆಂದು ಅವರನ್ನು ಗೇಟಿನಲ್ಲಿ ಚೀಟಿ ನೋಡಲು ಕೂರಿಸಿದ್ದರು. ಅಲ್ಲಿ ಕೂತ ಮೂರೇ ತಿಂಗಳಿಗೆ ಆ ಮನುಷ್ಯ ಹತ್ತು ವರ್ಷ ಮುದುಕನಾಗಿದ್ದ.

ಭಾವ ನನ್ನನ್ನು ಕೊಳಾಯಿಯ ಹತ್ತಿರ ಕರೆದರು. ನೇರವಾಗಿ ಏನೂ ಕೇಳಲಿಲ್ಲ.

"ಆ ಹೆಂಗಸು ಗುಂಡಿ ಒತ್ತಿದಾಗ ಮೇಜಿನ ಮೇಲೆ ಕೆಂಪು ದೀಪ ಹತ್ತುತ್ತೆ, ನೋಡಿದೀಯಾ?"

"ನೋಡಿದೀನಿ."

"ಸಾಲಲ್ಲಿ ನನ್ನ ಹಿಂದೆ ನೀನು. ನಿನಗೆ ಆ ದೀಪ ಕಾಣುತ್ತೆ. ನನಗೆ ಕಿಟಕೀಲಿ ನೀನು ಕಾಣ್ತೀಯ."

"ಭಾವ, ಇದು ಸರಿಯಿಲ್ಲ."

"ಮೂಗು ಕೆರ್ಕೊಂಡ್ರೆ ಯಾರಿಗೂ ಅನುಮಾನ ಬರಲ್ಲ. ನಿನ್ನ ಮೂಗು ಹೇಗಿದ್ರೂ ದೊಡ್ಡದು, ದೂರಕ್ಕೆ ಕಾಣುತ್ತೆ."

ಬಯ್ಯಬೇಕಿತ್ತು. ಎಲ್ಲರನ್ನೂ ಬಯ್ಯುವವನು ನಾನು. ಆದರೆ ಗೇಟಿನಲ್ಲಿ ಕೂತವರ ಮುಖ ನೆನಪಾಯಿತು, ಸಾಲಿನಲ್ಲಿ ಭಾವನ ಹಿಂದೆ ಹೋಗಿ ನಿಂತೆ. ಕೆಂಪು ದೀಪ ಹತ್ತಿದಾಗಲೆಲ್ಲ ಮೂಗು ಕೆರೆದೆ. ಭಾವ ಬೆರಳೆತ್ತಿದರು. ನಡುವೆ ಎಲ್ಲಿಂದಲೋ ಒಂದು ನೊಣ ಬಂದು ಸರಿಯಾಗಿ ಮೂಗಿನ ಮೇಲೇ ಕೂತಿತು, ಓಡಿಸಿದೆ. ಭಾವ ಅದಕ್ಕೂ ಬೆರಳೆತ್ತಿಬಿಟ್ಟರು! ಆ ಹೆಂಗಸು ಹುಬ್ಬು ಗಂಟಿಕ್ಕಿ ಗುಂಡಿ ನೋಡಿಕೊಂಡಳು, ಅಷ್ಟೇ. ಕೊನೆಗೆ, "ಇಪ್ಪತ್ತು ವರ್ಷದೋರ ಕಿವಿ ಇದ್ದಂಗಿದೆ ಸಾರ್ ನಿಮ್ದು" ಎಂದು ಬರೆದು ಸೀಲು ಒತ್ತಿದಳು. ಭಾವ ಅವಳ ತುಟಿ ನೋಡಿ, ಒಂದು ಗಳಿಗೆ ತಡವಾಗಿ ನಕ್ಕರು.

ಎಂಟು ತಿಂಗಳು ಕಳೆದ ಮೇಲೆ ಒಂದು ದಿನ ಬೆಳಗಿನ ಪಾಳಿ. ಮುಂದಿನ ನಾಲಗೆಯ ಮೇಲೆ ಸುರುಳಿ ಏರಿಸಿದರೆ ಎದುರಿನದು ಏನೂ ಕಾಣುವುದಿಲ್ಲ, ಹಾಗಾಗಿ ನಾವು ಹಿಂದಕ್ಕೇ ಓಡಿಸುವುದು. ಗಾಡಿ ಹಿಂದಕ್ಕೆ ಬರುವಾಗ ತಾನಾಗಿ ಕೂಗಬೇಕಾದ ಪೀಪಿ ಕೆಟ್ಟು ಆರು ವಾರವಾಗಿತ್ತು. ಮೂರು ಸಲ ಚೀಟಿ ಬರೆದು ಕೊಟ್ಟಿದ್ದೆ. ಮೂರು ಚೀಟಿಯೂ ಸೂಪರ್‌ವೈಸರ್ ಮೇಜಿನ ಗಾಜಿನ ಕೆಳಗೆ ಸೇರಿದ್ದವು, ಅಲಂಕಾರಕ್ಕೆ. ನಾನೇ ಕೈಯಲ್ಲಿ ಹಾರ್ನ್ ಒತ್ತುತ್ತ ಬರಬೇಕು. ಒತ್ತುತ್ತಲೇ ಬಂದೆ. ಹತ್ತೊಂಬತ್ತನೇ ಯಂತ್ರದ ಬಳಿ ಇಬ್ಬರು ಸರಿದು ದಾರಿ ಬಿಟ್ಟರು. ದಾರಿ ಖಾಲಿ ಎಂದುಕೊಂಡು ತಿರುಗಿಸಿದೆ. ತಂತಿಯ ಸ್ಟ್ಯಾಂಡಿನ ಮರೆಯಲ್ಲಿ, ಕನ್ನಡಿಯ ಮೂಲೆಯಲ್ಲಿ, ಹಳದಿಯದೊಂದು ಚುಕ್ಕೆ ಕಂಡಿತು.

ಸ್ಕ್ರೂಡ್ರೈವರಿನ ಹಿಡಿ.

ಬ್ರೇಕಿನ ಮೇಲೆ ನಿಂತೇಬಿಟ್ಟೆ. ಗಾಡಿಯ ಹಿಂಭಾಗ ಭಾವನ ಸಾಮಾನಿನ ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಚಪ್ಪಟೆ ಮಾಡಿ ನಿಂತಿತು. ಅವರ ಅಂಗಿಯ ತೋಳು ಪೆಟ್ಟಿಗೆಯ ಜೊತೆ ಸಿಕ್ಕಿಕೊಂಡು ಹರಿಯಿತು. ಆ ತೋಳಿನೊಳಗಿನ ಕೈ ಆಗಷ್ಟೇ ಪೆಟ್ಟಿಗೆಯಿಂದ ಸ್ಪ್ಯಾನರ್ ತೆಗೆದುಕೊಂಡು ಹೊರಗೆ ಬಂದಿತ್ತು. ಭಾವ ನನ್ನ ಕಡೆ ತಿರುಗಿ ನೋಡಿದ್ದು ಆಮೇಲೆ. ಅಂಗಿ ಎಳೆದ ಮೇಲೆ! ಇಳಿದು ಹೋದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಏನಂದೆನೋ ಅವರಿಗೂ ಕೇಳಿಸಲಿಲ್ಲ, ನನಗೂ ಕೇಳಿಸಲಿಲ್ಲ.

ಮಾರನೇ ದಿನ ವಿಚಾರಣೆ. ಸೇಫ್ಟಿ ಆಫೀಸರ್ ಒಂದು ಕಡೆ, ಸೂಪರ್‌ವೈಸರ್ ಒಂದು ಕಡೆ, ನಡುವೆ ನಾನು. ಭಾವ ಬಾಗಿಲ ಹತ್ತಿರದ ಕುರ್ಚಿಯಲ್ಲಿ.

"ಹಾರ್ನ್ ಕೇಳಿಸ್ತಾ ನಿಮಗೆ?" ಎಂದು ಆಫೀಸರ್ ಗಟ್ಟಿಯಾಗಿ ಕೇಳಿದರು. ಅವರದು ದಪ್ಪ ದನಿ.

"ಇಲ್ಲ ಸಾರ್" ಎಂದರು ಭಾವ.

ನಿಜವನ್ನೇ ಹೇಳಿದರು. ಆ ನಿಜವೇ ನನ್ನನ್ನು ಮುಳುಗಿಸಿತು.

ಸೂಪರ್‌ವೈಸರ್ ಫೈಲಿನಿಂದ ಒಂದು ಕಾಗದ ತೆಗೆದು ನನ್ನ ಮೂಗಿನ ಕೆಳಗೆ ಹಿಡಿದ. "ನೋಡು, ಇವರ ಕಿವಿ ಫಸ್ಟ್ ಕ್ಲಾಸ್ ಅಂತ ಸೀಲ್ ಸಮೇತ ಇದೆ. ಇಂಥಾ ಕಿವಿಗೆ ಕೇಳಿಸ್ಲಿಲ್ಲ ಅಂದ್ರೆ ಏನರ್ಥ? ನೀನು ಹಾರ್ನ್ ಹೊಡೆದಿಲ್ಲ."

"ಹೊಡೆದಿದೀನಿ! ಬೇಕಾದ್ರೆ ಯಂತ್ರದ ಹತ್ರ ಇದ್ದೋರನ್ನ ಕೇಳಿ!"

"ಕೇಳಿದೀವಿ. ಗಮನಿಸ್ಲಿಲ್ಲ ಅಂತಾರೆ."

ಸರಿದು ದಾರಿ ಬಿಟ್ಟ ಮಹಾಶಯರು ಗಮನಿಸಲಿಲ್ಲವಂತೆ! ಬಾಯಿಯವರೆಗೂ ಬಂತು: ಸ್ವಾಮಿ, ಆ ಕಾಗದ ಬರೆದದ್ದು ಅವರ ಕಿವಿಯಲ್ಲ, ನನ್ನ ಮೂಗು. ಹೇಳಿದರೆ ಇಬ್ಬರೂ ಕಳ್ಳರು. ಭಾವನ ಕಡೆ ನೋಡಿದೆ. ಅವರು ತಮ್ಮ ಹರಿದ ತೋಳನ್ನು ಮಡಿಸುತ್ತ ನೆಲ ನೋಡುತ್ತಿದ್ದರು. ಗಾಡಿಯ ಕೀಲಿ ನನ್ನಿಂದ ಕಿತ್ತುಕೊಂಡರು. ಅಜಾಗರೂಕ ಚಾಲಕ ಎಂದು ಬರೆದು, ಮೊಳೆ ತುಂಬುವ ಜಾಗಕ್ಕೆ ಹಾಕಿದರು. ಹನ್ನೊಂದು ವರ್ಷದಲ್ಲಿ ಒಂದು ಗೋಡೆಗೂ ಗೀರು ಹಾಕದ ನನ್ನನ್ನು!

ಅವತ್ತು ಸಂಜೆ ಅಕ್ಕನ ಮನೆಗೇ ನುಗ್ಗಿದೆ.

"ನಿಮ್ಮಿಂದ ನಾನು ಕೊಲೆಗಾರ ಆಗ್ತಿದ್ದೆ ಭಾವ! ಅಕ್ಕಂಗೆ ಏನಂತ ಮುಖ ತೋರಿಸ್ಲಿ?"

"ಮೆಲ್ಲಗೆ ಮಾತಾಡಯ್ಯಾ. ಅಕ್ಕಪಕ್ಕದೋರಿಗೆ ಕೇಳುತ್ತೆ."

"ಅಕ್ಕಪಕ್ಕದೋರಿಗೆ ಕೇಳುತ್ತೆ, ನಿಮಗೆ ಕೇಳ್ಸಬೇಕಲ್ಲ! ಬಿಟ್ಬಿಡಿ ಆ ಶೆಡ್ಡನ್ನ. ಬೇರೆ ಕಡೆ ಹಾಕಿ ಅಂತ ನೀವೇ ಕೇಳಿ."

"ಬೇರೆ ಕಡೆ ಹೋಗಿ ಏನ್ ಮಾಡ್ಲಿ? ಅಲ್ಲಿ ನಾನು ಡಾಕ್ಟ್ರು. ಆಚೆ ಬಂದ್ರೆ ಕಿವುಡ. ಅಷ್ಟೇ ವ್ಯತ್ಯಾಸ."

ಮೂಗಿನ ಕಥೆಯೂ ಆ ಕೂಗಾಟದಲ್ಲೇ ಹೊರಬಿತ್ತು, ಅಕ್ಕನಿಗೆ ಅವತ್ತೇ ಗೊತ್ತಾದದ್ದು. ಒಲೆಯ ಮುಂದಿನಿಂದ ಬಂದವಳು ಸೌಟು ಹಿಡಿದೇ ಬಾಗಿಲಲ್ಲಿ ನಿಂತಳು. ಗಂಡನನ್ನಲ್ಲ, ನನ್ನನ್ನು ಕೇಳಿದಳು, "ಮೂಗು ಕೆರೆಯೋ ಮುಂಚೆ ನನಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ?" ಅಷ್ಟೇ. ಬೈದಿದ್ದರೆ ವಾಪಸು ಬಯ್ಯಬಹುದಿತ್ತು.

ಆಮೇಲೆ ನಾಲ್ಕು ತಿಂಗಳು ನಾನೂ ಭಾವನೂ ಮಾತಾಡಲಿಲ್ಲ. ಸನ್ನೆಯಲ್ಲೂ ಇಲ್ಲ. ನಾನು ಡಬ್ಬಕ್ಕೆ ಮೊಳೆ ತುಂಬುತ್ತ, ಕಿಟಕಿಯಿಂದ ಅವರು ಯಂತ್ರಗಳ ನಡುವೆ ಕುಕ್ಕರಿಸುವುದನ್ನು ನೋಡುತ್ತಿದ್ದೆ. ನನ್ನ ಗಾಡಿಯನ್ನು ಹೊಸಬನೊಬ್ಬ ಓಡಿಸುತ್ತಿದ್ದ. ಹಳದಿ ಹಿಡಿ ಕಂಡರೆ ನಿಲ್ಲಿಸಬೇಕೆಂದು ಅವನಿಗೆ ಹತ್ತು ಸಲ ಹೇಳಿದೆ. ಹನ್ನೊಂದನೆಯ ಸಲ ಅವನು, "ನಿಮಗೆ ಡ್ರೈವಿಂಗ್ ಬಂದಿದ್ರೆ ಇಲ್ಲಿ ಮೊಳೆ ತುಂಬ್ತಿದ್ರಾ ಅಣ್ಣಾ?" ಎಂದ. ಅವನ ಕೊರಳಪಟ್ಟಿಗೆ ಕೈ ಹಾಕಿದೆ. ನಾಲ್ಕು ಜನ ಬಿಡಿಸಿದರು.

ಮತ್ತೆ ವ್ಯಾನು ಬಂತು. ಅದೇ ಹೆಂಗಸು, ಅದೇ ಕೆಂಪು ದೀಪ. ಸಾಲಿನಲ್ಲಿ ಭಾವನ ಹಿಂದೆ ನಾನೇ ಇದ್ದೆ. ಬೇಕೆಂದು ನಿಂತೆನೋ ಹಾಗೇ ಆಯಿತೋ ಹೇಳಲಾರೆ. ಎರಡು ಕೈಯನ್ನೂ ಜೇಬಿಗೆ ಹಾಕಿಕೊಂಡೆ. ಹಾಕಿಕೊಂಡ ಗಳಿಗೆಯಿಂದ ಮೂಗು ತುರಿಸತೊಡಗಿತು, ನಿಜವಾಗಿ. ಭಾವ ಒಳಗೆ ಹೋಗಿ ಕೂತು, ಹೆಡ್‌ಫೋನ್ ಹಾಕಿಸಿಕೊಂಡು, ಕಿಟಕಿಯಿಂದ ನನ್ನನ್ನು ನೋಡಿದರು. ದೀಪ ಹತ್ತಿತು. ನನ್ನ ಕೈ ಜೇಬಿನೊಳಗೇ ಕದಲಿತು. ಹೊರಗೆ ತೆಗೆಯುತ್ತಿದ್ದೆನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಯಾಕೆಂದರೆ ಅಷ್ಟರಲ್ಲಿ ಭಾವ ಕೂತಿದ್ದ ಸ್ಟೂಲನ್ನು ಗರಕ್ಕನೆ ತಿರುಗಿಸಿ, ಕಿಟಕಿಗೆ ಬೆನ್ನು ಹಾಕಿ ಕೂತರು.

ದೀಪ ಹತ್ತಿತು, ಆರಿತು. ಹತ್ತಿತು, ಆರಿತು. ಬೆನ್ನು ಅಲುಗಲಿಲ್ಲ. ಅಷ್ಟು ಹೊತ್ತಿನಲ್ಲಿ ಬೆರಳು ಮೇಲೆದ್ದದ್ದು ನಾಲ್ಕೇ ಸಲ.

ಹೊರಗೆ ಬಂದಾಗ ಆ ಹೆಂಗಸು ಎರಡು ಕಾಗದ ಪಕ್ಕಪಕ್ಕ ಇಟ್ಟುಕೊಂಡು, "ಹೋದ ವರ್ಷ ಇಷ್ಟು ಚೆನ್ನಾಗಿತ್ತಲ್ಲ ಸಾರ್?" ಎಂದಳು.

ಭಾವ ಅವಳ ತುಟಿ ನೋಡಿದರು. "ಹೋದ ವರ್ಷ ಪರೀಕ್ಷೆ ಬರೆದಿದ್ದು ನನ್ನ ಭಾಮೈದನ ಮೂಗು ಕಣಮ್ಮಾ" ಎಂದರು. ತಿರುಗಿ ನೋಡದೆ ನೆಟ್ಟಗೆ ಸೂಪರ್‌ವೈಸರ್ ಕೋಣೆಗೆ ಹೋದರು.

ಅಲ್ಲಿ ಅವರು ಎಲ್ಲವನ್ನೂ ಹೇಳಿದರು. ಹುಡುಗ ಹಾರ್ನ್ ಹೊಡೆದಿದ್ದಾನೆ, ಕೇಳುವ ಕಿವಿ ನನಗೇ ಇಲ್ಲ ಎಂದರಂತೆ. ನಲವತ್ತಾರು ವರ್ಷದ ನಾನು ಅವರಿಗೆ ಇನ್ನೂ ಹುಡುಗ. ಮೋಸ ಮಾಡಿದ್ದಕ್ಕೆ ಇಬ್ಬರಿಗೂ ಮೆಮೊ ಬಂತು. ನನಗೆ ಗಾಡಿ ವಾಪಸು ಸಿಕ್ಕಿತು. ಅಜಾಗರೂಕ ಚಾಲಕ ಎಂಬ ಮಾತು ಮಾತ್ರ ಫೈಲಿನಲ್ಲಿ ಹಾಗೇ ಇದೆ, ಅಳಿಸುವುದಕ್ಕೆ ಅವರ ಹತ್ತಿರ ಫಾರಂ ಇಲ್ಲವಂತೆ. ಹಾಳಾಗಿ ಹೋಗಲಿ.

ಮೂರು ತಿಂಗಳಾದ ಮೇಲೆ ಒಂದು ದಿನ, ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಕೇಳಿಬಿಟ್ಟೆ. "ಯಾಕೆ ಭಾವ ತಿರುಗಿ ಕೂತ್ರಿ? ನಾನು ಕೆರ್ಕೊಳಲ್ಲ ಅಂತಲಾ?"

"ಕೆರ್ಕೊಂಡುಬಿಡ್ತೀಯ ಅಂತ" ಎಂದು ಹೇಳಿ ತಟ್ಟೆ ನೋಡಿದರು. ಆಮೇಲೆ, "ಅವತ್ತು ಆಫೀಸಲ್ಲಿ ನೀನು ನನ್ನ ಮುಖ ನೋಡ್ದೆ. ಬಾಯಿ ಬಿಟ್ರೆ ಮುಗೀತಿತ್ತು, ಬಿಡ್ಲಿಲ್ಲ. ಅದು ಒಂದು ಕಡೆ. ಈ ಪುಟ್ಟಿ ನೋಡು, ಶಾಲೆಗೆ ಸೇರ್ಸಿದ್ವಲ್ಲ, ಅಲ್ಲಿ ಟೀಚರ್ ಹತ್ರಾನೂ ತುಟಿ ಮಾತ್ರ ಆಡಿಸ್ತಂತೆ. ದೊಡ್ಡೋರ ಜೊತೆ ಹೀಗೇ ಮಾತಾಡೋದು ಅಂದ್ಕೊಂಡಿದೆ" ಎಂದರು. ಅಕ್ಕ ಅನ್ನದ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಭಾವನನ್ನು ಈಗ ಶೆಡ್ಡಿನ ಹೊರಗೆ, ಮೊಳೆ ಪರೀಕ್ಷಿಸುವ ಕೋಣೆಗೆ ಹಾಕಿದ್ದಾರೆ. ದೂರ ಎಂದರೆ ಏನು ದೂರ, ನಡುವೆ ಒಂದು ತಗಡಿನ ಗೋಡೆ. ಗಾಜಿನ ಬೀರುವನ್ನು ಅವರ ಪಕ್ಕಕ್ಕೇ ತಂದಿಟ್ಟಿದ್ದಾರೆ, ಬೀಗದ ಕೈ ಅವರ ಕೊರಳಲ್ಲಿದೆ. ಆ ಕೀಲಿಗಾಗಿ ಅವರು ಆಫೀಸರ್ ಮುಂದೆ ಎಷ್ಟು ದಿನ ಕೂತರೋ ನನಗೆ ಗೊತ್ತು. ಪಾಳಿ ಶುರುವಾಗುವ ಮುಂಚೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ತಲೆಗೂ ಕಿವಿಗವಚ ಹಾಕುತ್ತಾರೆ. "ಡಾಕ್ಟ್ರು ಮದ್ದು ಕೊಡೋಕೆ ಶುರು ಮಾಡಿದ್ರಪ್ಪಾ!" ಎಂದು ಸಾಲಿನಲ್ಲಿ ನಿಂತವರು ನಗುತ್ತಾರೆ. ಹನ್ನೆರಡು ಕವಚ, ಪಾಳಿಗೆ ಮೂವತ್ತು ಜನ. ಉಳಿದ ಹದಿನೆಂಟು ಜನಕ್ಕೆ ಬಿರಡೆಯ ಡಬ್ಬಿ. ಡಬ್ಬಿ ವಾಪಸು ಕೊಡಬೇಕು, ಖಾಲಿಯಾಗಿ, ಇದು ಭಾವನದೇ ಕಾನೂನು. ನಲವತ್ತೆರಡು ಯಂತ್ರಗಳಲ್ಲಿ ಒಂದರ ಕೆಳಗೂ ಸದ್ದು ತಗ್ಗಿಸುವ ರಬ್ಬರ್ ಇನ್ನೂ ಹಾಸಿಲ್ಲ, ಒಂದಕ್ಕೂ ಮುಚ್ಚಳ ಕಟ್ಟಿಸಿಲ್ಲ. ಕೇಳುವ ಕಿವಿಗೆ ವರ್ಷ ವರ್ಷ ಪರೀಕ್ಷೆ, ಕಿರುಚುವ ಯಂತ್ರಕ್ಕೆ ಎಂದೂ ಇಲ್ಲ. ಗೋಡೆಗೆ ಮಾತ್ರ ಹೊಸ ಚಿತ್ರ ಅಂಟಿಸಿದ್ದಾರೆ, ಒಂದು ದೊಡ್ಡ ಕಿವಿ.

ಆದರೆ ನಮ್ಮ ಸನ್ನೆಗಳಿಗೆ ಒಂದು ಹೊಸದು ಸೇರಿದೆ. ಯಾರು ಶುರು ಮಾಡಿದರೋ ಗೊತ್ತಿಲ್ಲ. ಮೂಗು ಕೆರೆದುಕೊಂಡರೆ, ಕಿವಿ ಮುಚ್ಚಿಕೋ ಎಂದು ಅರ್ಥ.

ನಿನ್ನೆ ಸುರುಳಿ ಹೊತ್ತುಕೊಂಡು ಹತ್ತೊಂಬತ್ತನೆಯ ಯಂತ್ರದ ಹತ್ತಿರ ಬಂದೆ. ಭಾವನ ಜಾಗಕ್ಕೆ ಬಂದ ಹೊಸ ಮಿಸ್ತ್ರಿ ಕುಕ್ಕರಿಸಿದ್ದ. ಕಿವಿಗವಚದ ಒಂದು ಮಗ್ಗುಲನ್ನು ಮೇಲಕ್ಕೆ ಸರಿಸಿ, ಸ್ಕ್ರೂಡ್ರೈವರ್ ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿದ್ದ. ಸುತ್ತ ನಾಲ್ಕು ಜನ. ಗಾಡಿ ನಿಲ್ಲಿಸಿ, ಇಳಿದು ಹೋಗಿ ಭುಜ ತಟ್ಟಿದೆ. ಅವನು ಕಣ್ಣು ಬಿಟ್ಟ. ಅವನ ಮುಖದ ಮುಂದೆ ನಿಂತು ಚರ್ಮ ಕಿತ್ತುಬರುವ ಹಾಗೆ ಮೂಗು ಕೆರೆದುಕೊಂಡೆ. ಅವನು ಹಲ್ಲು ಕಿರಿದು, ತಪ್ಪಾಯಿತು ಎಂದು ಕೈಮುಗಿದು ಕವಚ ಸರಿ ಮಾಡಿಕೊಂಡ.

ಗಾಡಿ ಹತ್ತಿ ಹಿಂದಕ್ಕೆ ತೆಗೆಯುತ್ತ ಕನ್ನಡಿಯಲ್ಲಿ ನೋಡಿದೆ. ಮತ್ತೆ ಸರಿಸಿದ್ದ.

ಮತ್ತೆ ಇಳಿದೆ.